ಬಡವಿ ಅಂತ ಬರೀಬೇಡ ತಮಾ

ನನ್ನ ಕಂಪ್ಯೂಟರಿನಲ್ಲಿ 'ಅರ್ಜಿ1' ಎಂಬ ಒಂದು ಫೈಲ್ ಇತ್ತು. ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟದ್ದು. 'ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ತೀರಾ ಬಡ ಮಹಿಳೆಯಾಗಿದ್ದು, ಕೂಲಿನಾಲಿ ಮಾಡಿ ಜೀವನ ಸಾಗಿಸುತ್ತಿದ್ದು, ನನಗೆ ಬೇರೆ ಯಾವ ಆಧಾರವೂ ಇರುವುದಿಲ್ಲ. ಕಾರಣ ದಯಾಳುಗಳಾದ ತಾವು...' ಹೀಗೆ ಅದರ ಶುರು. ಯಾರೇ ಬಂದರೂ ಅದನ್ನೇ ತೆರೆಯುತ್ತಿದ್ದೆ. ಹೆಸರು, ಊರು, ವಿಷಯ ಬದಲಾಯಿಸುವುದು, ಪ್ರಿಂಟ್ ಒತ್ತುವುದು. ಐದು ನಿಮಿಷದ ಕೆಲಸ, 30 ರೂಪಾಯಿ. ಒಮ್ಮೆ 'ಮಹಿಳೆ' ಎಂಬುದನ್ನು ತೆಗೆಯಲು ಮರೆತೆ. ಪಾಪ, ಮೀಸೆ ಬಿಟ್ಟ ಲಾರಿ ಡ್ರೈವರ್ ಒಬ್ಬ 'ತೀರಾ ಬಡ ಮಹಿಳೆ'ಯಾಗಿ ಅರ್ಜಿ ಕೊಟ್ಟು, ಸೀಲ್ ಹಾಕಿಸಿಕೊಂಡು ಬಂದ. ಮೂರು ಟೇಬಲ್ ದಾಟಿದರೂ ಯಾರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಅಂದರೆ ನಾನು ಅಷ್ಟು ವರ್ಷ ಬರೆದ ಆ ಸಾಲನ್ನು ಯಾರೂ ಓದುತ್ತಲೇ ಇರಲಿಲ್ಲ, ಅಲ್ವಾ? ಆಗ ಅದು ಹೊಳೆಯಲಿಲ್ಲ. ನಕ್ಕು ಸುಮ್ಮನಾದೆ.

ಉತ್ತರ ಕನ್ನಡದ ಅಂಕೋಲೆಯಲ್ಲಿ ನನ್ನದು ಚಿಕ್ಕ ಅಂಗಡಿ. ಬೋರ್ಡಿನಲ್ಲಿ ಡಿಟಿಪಿ, ಜೆರಾಕ್ಸ್, ಆನ್‌ಲೈನ್ ಸೇವೆ ಎಂದೆಲ್ಲ ಇದೆ. ಜನ ಮಾತ್ರ 'ಅರ್ಜಿ ಅಂಗಡಿ' ಅನ್ನುತ್ತಾರೆ. ಅಪ್ಪ ಬಾಂಡ್ ರೈಟರ್ ಆಗಿದ್ದರು. 1974ರಲ್ಲಿ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದಾಗ ಗೇಣಿದಾರರು ಜಮೀನು ತಮ್ಮದೆಂದು ಕೇಳಲು ಏಳನೇ ನಂಬರ್ ಫಾರ್ಮ್ ತುಂಬಬೇಕಿತ್ತಲ್ಲ, 'ಡಿಕ್ಲರೇಶನ್ ಕೊಡುವುದು' ಅನ್ನುತ್ತಿದ್ದರು. ಅದನ್ನು ಅಪ್ಪ ಲಾಟೀನಿನ ಬೆಳಕಿನಲ್ಲಿ ತುಂಬಿದ್ದೂ ತುಂಬಿದ್ದೇ. ದಿನಕರ ದೇಸಾಯಿಯವರು ಗೇಣಿದಾರರ ಪರ ಹೋರಾಡಿದ ತಾಲೂಕು ಇದು. ಡಿಕ್ಲರೇಶನ್ ಕೊಟ್ಟವರ ಮನೆಯಲ್ಲಿ ಇವತ್ತು ಗದ್ದೆ ಉಂಟು. ಧಣಿಗೆ ಹೆದರಿಯೋ, ಹೇಳುವವರಿಲ್ಲದೆಯೋ ಕೊಡದೆ ಕೂತವರ ಮೊಮ್ಮಕ್ಕಳು ಈಗ ಸೆಂಟ್ರಿಂಗ್ ಕೆಲಸಕ್ಕೆ ಗೋವಾಕ್ಕೆ ಹೋಗುತ್ತಾರೆ. ಒಂದು ಕಾಗದದ ತೂಕ ಎಷ್ಟು ಅಂತ ನನಗೆ ಗೊತ್ತಿರಬೇಕಿತ್ತು. ಆದರೂ 'ಅರ್ಜಿ1' ಇಟ್ಟುಕೊಂಡೇ ಹತ್ತು ವರ್ಷ ಕಳೆದೆ.

ಅದನ್ನು ಬಿಡಿಸಿದ್ದು ಬೇಲೇಕೇರಿ ಕಡೆಯ ಒಬ್ಬ ಮೀನು ಮಾರುವ ಅಕ್ಕ.

ಅವಳು ಪಕ್ಕದ ಪೇಟೆಯೊಂದರಲ್ಲಿ ರಸ್ತೆ ಬದಿ ಕೂತು ಮಾರುತ್ತಿದ್ದಳು. 'ಸೋಮವಾರದೊಳಗೆ ಜಾಗ ಖಾಲಿ ಮಾಡಬೇಕು' ಎಂದು ಯಾರೋ ಬಂದು ಬಾಯಲ್ಲಿ ಹೇಳಿ ಹೋಗಿದ್ದರು. ಅರ್ಜಿ ಬೇಕು ಅಂದಳು. ಬುಟ್ಟಿ ಹೊರಗೆ ಇಟ್ಟು, ಕೈ ಒರೆಸಿಕೊಂಡು, ಕುರ್ಚಿಯ ತುದಿಯಲ್ಲಿ ಕೂತಳು. ನಾನು ಎಂದಿನ ಹಾಗೆ ಪ್ರಿಂಟ್ ತೆಗೆದು ಕೊಟ್ಟೆ.

"ಓದು," ಅಂದಳು.

ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಓದಿದೆ. 'ತೀರಾ ಬಡ ಮಹಿಳೆಯಾಗಿದ್ದು' ಎಂಬಲ್ಲಿಗೇ ನಿಲ್ಲಿಸಿದಳು. "ಬಡವಿ ಅಂತ ಯಾರು ಹೇಳಿದ್ರು ನಿಂಗೆ? ದಿನಾ ಎರಡು ಸಾವಿರದ ಮಾಲು ಎತ್ತತೆ ನಾನು. ಬಡ್ಡಿ ಕಟ್ಟತೆ. ಬಡವಿ ಅಂತ ಬರೀಬೇಡ ತಮಾ. ಮೀನು ಮಾರುವವಳು ಅಂತ ಬರಿ. ಮೂವತ್ತೊಂದು ವರ್ಷ ಅದೇ ಅಶ್ವತ್ಥಕಟ್ಟೆ ಬುಡದಲ್ಲಿ ಕೂತದ್ದು ಅಂತ ಬರಿ."

ನನಗೆ ಸ್ವಲ್ಪ ಸಿಟ್ಟೇ ಬಂತು. ಬಡವರು ಅಂತ ಬರೆದರೆ ಕೆಲಸ ಬೇಗ ಆಗುತ್ತದೆ ಅಂದೆ. "ಆಯ್ತಾ ಇದ್ಯಾ?" ಅಂತ ಕೇಳಿದಳು. ಉತ್ತರ ಇರಲಿಲ್ಲ. ಸರಿ, ನೀನೇ ಹೇಳು ಅಕ್ಕ, ನಿನ್ನ ಒಂದು ದಿನ ಹೇಗೆ ಅಂದೆ. ಅವಳು ಹೇಳಿದ್ದನ್ನು ಹಿಂದಿದ್ದ ಹಾಳೆಯಲ್ಲಿ ಪೆನ್ನಿನಲ್ಲಿ ಬರೆಯುತ್ತ ಹೋದೆ.

ಬೆಳಿಗ್ಗೆ ನಾಲ್ಕಕ್ಕೆ ಬಂದರಿಗೆ. ಹರಾಜಿನಲ್ಲಿ 2,000 ರೂಪಾಯಿಯ ಬಂಗಡೆ. ಆ ದುಡ್ಡು ಅವಳದ್ದಲ್ಲ, ಬೆಳಿಗ್ಗೆ ತೆಗೆದುಕೊಂಡು ಸಂಜೆ 2,100 ವಾಪಸ್ ಕೊಡುವ ಸಾಲ. ಬರ್ಫಕ್ಕೆ 80. ಟೆಂಪೋಗೆ ಹೋಗಿ ಬರಲು 120. ಜಾಗಕ್ಕೆ 20. ಒಂದು ಚಾ, ಒಂದು ಪ್ಲೇಟ್ ಅವಲಕ್ಕಿ 40. ಆ ದಿನ ಮಾರಿದ್ದು 2,650. ಕೂಡಿ ಕಳೆದರೆ ಮಧ್ಯಾಹ್ನ ಎರಡಕ್ಕೆ ಕೈಯಲ್ಲಿ ಉಳಿದದ್ದು 290. ಹತ್ತು ತಾಸಿನ ದುಡಿಮೆ. ಮಳೆ ಬಂದರೆ, ಮೀನು ಉಳಿದರೆ ಈ 290 ಕೂಡ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ 61 ದಿನ ಒಣಮೀನು, ಇಲ್ಲವೇ ಹೊಳೆಯ ಬಳಚು, ಅಂದರೆ ಚಿಪ್ಪುಮೀನು. ಸಂಘದ ಕಂತು ಮಾತ್ರ ವಾರ ವಾರ ಬರುತ್ತದೆ, ಅದಕ್ಕೆ ಮಳೆಗಾಲದ ರಜೆ ಇಲ್ಲ.

ಇದರಲ್ಲಿ ಅವಳು ಒಂದು ಸಲವೂ 'ಕಷ್ಟ' ಅನ್ನಲಿಲ್ಲ. ಆದರೆ ಬರೆದು ಮುಗಿಸಿ ನೋಡಿದರೆ ಜಾಗ ಹೋದರೆ ಏನಾಗುತ್ತದೆ ಅಂತ ಬೇರೆ ಹೇಳುವುದೇ ಬೇಕಿರಲಿಲ್ಲ. ಒಂದು ಫರ್ಲಾಂಗು ದೂರ ಹೋದರೆ ಹಳೆ ಗಿರಾಕಿ ಬರುವುದಿಲ್ಲ, 2,650 ಇದ್ದದ್ದು 2,300 ಆದರೂ ಸಾಕು, ಸಂಜೆಯ ಸಾಲ ತೀರುವುದಿಲ್ಲ.

ಆ ಲೆಕ್ಕವನ್ನೇ ಅರ್ಜಿಯಲ್ಲಿ ಹಾಕಿದೆ. ಮೇಲೆ ಎರಡು ಸಾಲು ಕಾನೂನು ಸೇರಿಸಿದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಇದ್ದವರನ್ನು ಎಬ್ಬಿಸುವಂತಿಲ್ಲ. ಸ್ಥಳಾಂತರ ಮಾಡುವುದಾದರೂ 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಹಾಗಾಗಿ ಕೊನೆಗೆ ದಯೆ ಕೇಳುವ ಬದಲು ಎರಡು ಪ್ರಶ್ನೆ: ಸಮೀಕ್ಷೆ ಆಗಿದೆಯೇ? ಲಿಖಿತ ನೋಟಿಸ್ ಎಲ್ಲಿದೆ? ಎರಡು ಪ್ರತಿ ತೆಗೆದು, ಒಂದರ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡ ಅಂದೆ. ಸೋಮವಾರ ಯಾರೂ ಬರಲಿಲ್ಲ. ಆಮೇಲೆ ಒಂದೂವರೆ ವರ್ಷದ ನಂತರ ಬಂದರು, ಆ ಕಥೆ ಬೇರೆ. ಆಗ ನೋಟಿಸ್ ಹಿಡಿದುಕೊಂಡು ಬಂದಿದ್ದರು, ಅಷ್ಟು ವ್ಯತ್ಯಾಸ.

ಅಂದಿನಿಂದ ಕೆಲಸದ ರೀತಿ ಬದಲಾಯಿಸಿದೆ. ಈಗ ಯಾರಿಗೂ 'ನಿಮ್ಮ ಕಷ್ಟ ಏನು' ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಜನ ಟಿವಿ ಮುಂದೆ ಮಾತಾಡಿದ ಹಾಗೆ ಮಾತಾಡುತ್ತಾರೆ. 'ಏನು ಹೇಳೂದು, ಬಡವರ ಬಾಳೇ ಇಷ್ಟು' ಅಂದು ಮುಗಿಸಿಬಿಡುತ್ತಾರೆ. ಅದು ನನ್ನ 'ಅರ್ಜಿ1' ಇದ್ದ ಹಾಗೇ, ಸಿದ್ಧ ಮಾಡಿ ಇಟ್ಟುಕೊಂಡ ಸಾಲು. ಬದಲಿಗೆ, ನಿನ್ನೆ ಎಷ್ಟಕ್ಕೆ ಎದ್ದಿರಿ, ಕೈಗೆ ದುಡ್ಡು ಬಂದ ಕೂಡಲೇ ಮೊದಲು ಯಾರಿಗೆ ಕೊಟ್ಟಿರಿ ಅಂತ ಕೇಳುತ್ತೇನೆ. ಈ ಎರಡನೇ ಪ್ರಶ್ನೆಗೆ ಬಾಯಿ ಬಿಡದವರನ್ನು ನಾನು ನೋಡಿಲ್ಲ. ಕಿರಾಣಿ ಅಂಗಡಿಗೋ, ಸಂಘಕ್ಕೋ, ಮೆಡಿಕಲ್‌ಗೋ, ಗಂಡನ ಕುಡಿತಕ್ಕೋ, ಮಗಳ ಹಾಸ್ಟೆಲ್‌ಗೋ, ಅಲ್ಲಿಂದ ಇಡೀ ಮನೆ ಹೊರಗೆ ಬರುತ್ತದೆ.

ಅವರ ಅಳತೆಯನ್ನೇ ಬರೆಯುತ್ತೇನೆ. ಶಿರಸಿ, ಸಿದ್ದಾಪುರ ಕಡೆ ಅಡಿಕೆ ಸುಲಿಯಲು ಹೋಗುವ ಹೆಂಗಸರು ಕೂಲಿಯನ್ನು ದಿನದ ಮೇಲೆ ಹೇಳುವುದಿಲ್ಲ, ಡಬ್ಬಿ ಲೆಕ್ಕದಲ್ಲಿ ಹೇಳುತ್ತಾರೆ. ನಾನು ಒಮ್ಮೆ ಜಾಣತನ ಮಾಡಿ ಅದನ್ನು ಕಿಲೋಗೆ ತಿರುಗಿಸಿ ಬರೆದೆ. ಓದಿ ಹೇಳಿದಾಗ ಅವರಿಗೆ ತಮ್ಮ ಕೂಲಿಯೇ ಗುರುತು ಸಿಗಲಿಲ್ಲ. ಡಬ್ಬಿ ಎಂದರೆ ಡಬ್ಬಿ. ಆ ಡಬ್ಬಿ ತುಂಬಿದ ಮೇಲೆ ಮತ್ತೆ ಎರಡು ಮುಷ್ಟಿ ಗೋಪುರ ಮಾಡಿ ಅಳೆಯುತ್ತಾರಂತೆ. ಜಗಳ ಇದ್ದದ್ದೇ ಆ ಎರಡು ಮುಷ್ಟಿಯಲ್ಲಿ! ಕಿಲೋ ಎಂದು ಬರೆದಿದ್ದರೆ ಅದು ಮುಚ್ಚಿಯೇ ಹೋಗುತ್ತಿತ್ತು.

ಬರೆದದ್ದನ್ನು ಓದಿ ಹೇಳುವುದು ಈಗ ಕಡ್ಡಾಯ. ಹಾರವಾಡ, ಕಾರವಾರ ಕಡೆಯವರು ಬಂದರೆ ಕೊಂಕಣಿಯಲ್ಲಿ ಕೇಳಿ, ಕನ್ನಡದಲ್ಲಿ ಬರೆದು, ಮತ್ತೆ ಕೊಂಕಣಿಯಲ್ಲಿ ಹೇಳಬೇಕು. ಒಂದು ತಾಸು ಹಿಡಿಯುತ್ತದೆ. ಅದಕ್ಕೆ ಜಾಸ್ತಿ ದುಡ್ಡು ಕೇಳಲು ಮನಸ್ಸು ಬರುವುದಿಲ್ಲ, ಕೇಳಿದರೂ ಕೊಡುವವರಲ್ಲ. ನನ್ನ ಹೊಟ್ಟೆ ತುಂಬಿಸುವುದು ಜೆರಾಕ್ಸ್ ಮಶಿನ್. ಪರೀಕ್ಷೆ ಸಮಯದಲ್ಲಿ ಅರ್ಜಿಯವರನ್ನು ಮಧ್ಯಾಹ್ನ ಮೂರರ ಮೇಲೆ ಬರಲು ಹೇಳುತ್ತೇನೆ.

ಎಲ್ಲದಕ್ಕೂ ಕಥೆ ಬೇಕಿಲ್ಲ, ಅದೂ ನಿಜ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು, ವಯಸ್ಸು 18ರಿಂದ 60ರ ನಡುವೆ ಇರಬೇಕು. ಅಲ್ಲಿ ಕಾಗದ ಸರಿ ಇದ್ದರೆ ಸಾಕು. ಮಾಹಿತಿ ಹಕ್ಕಿನ ಅರ್ಜಿಯಂತೂ ಎಷ್ಟು ಗಿಡ್ಡ ಇದ್ದರೆ ಅಷ್ಟು ಒಳ್ಳೆಯದು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕೊಟ್ಟ ಅರ್ಜಿ ಏನಾಯಿತು ಎಂದು ಕೇಳಲು ಇದಕ್ಕಿಂತ ಒಳ್ಳೆಯ ಕೋಲು ಸಿಕ್ಕಿಲ್ಲ ನನಗೆ.

ಹೀಗೆ ಬರೆದ ದಿನದ ಲೆಕ್ಕಗಳು ನನ್ನ ಹತ್ತಿರ ಗುಡ್ಡೆ ಬಿದ್ದವು. ಅರ್ಜಿಗೆ ಬೇಕಾದದ್ದಕ್ಕಿಂತ ಜಾಸ್ತಿ ಇರುತ್ತಿತ್ತಲ್ಲ. ಗೆಳೆಯನೊಬ್ಬ ನಡೆಸುವ ವಾರಪತ್ರಿಕೆಯಲ್ಲಿ ಒಂದೊಂದೇ ಹಾಕತೊಡಗಿದೆ. ಹೆಸರಿಲ್ಲ, ಊರಿಲ್ಲ, ಒಂದು ದಿನದ ಜಮಾ-ಖರ್ಚು ಮತ್ತು ಅವರದೇ ನಾಲ್ಕು ಮಾತು. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಅಂಗಡಿಯ ಶಟರಿಗೂ ಅಂಟಿಸುತ್ತಿದ್ದೆ. ಬಸ್ಸಿಗೆ ಕಾಯುವವರು ನಿಂತು ಓದುತ್ತಿದ್ದರು. ಓದಲು ಬಾರದವರಿಗೆ ಹೈಸ್ಕೂಲ್ ಮಕ್ಕಳು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಸುಳ್ಳು ಯಾಕೆ, ನನಗೆ ಸ್ವಲ್ಪ ಕೊಬ್ಬು ಬಂದಿತ್ತು. ಬರಹಗಾರ ಆಗಿಬಿಟ್ಟೆ ಅನ್ನಿಸಿತ್ತು.

ಆಗಲೇ ಎಡವಿದ್ದು. ಚಿರೆಕಲ್ಲು ಕ್ವಾರಿಯೊಂದರಲ್ಲಿ ಕೆಲಸ ಮಾಡುವವನ ದಿನ ಬರೆದೆ. ಕಲ್ಲಿಗೆ ಇಷ್ಟು ಎಂದು ಕೂಲಿ. ಕತ್ತರಿಸುವಾಗ ಅಂಚು ಒಡೆದ ಕಲ್ಲಿಗೆ ಕೂಲಿ ಇಲ್ಲ, ಆದರೆ ಒಡೆದ ಕಲ್ಲೂ ಲಾರಿ ಹತ್ತಿ ಮಾರಾಟ ಆಗುತ್ತದೆ. ಒಳ್ಳೆಯ ವಿಷಯ. ಹೆಸರು ಬರೆಯಲಿಲ್ಲ, ಕ್ವಾರಿ ಎಲ್ಲಿ ಅಂತಲೂ ಇಲ್ಲ. ಆದರೆ ಓದುವವರ ಎದೆಗೆ ತಾಗಲಿ ಎಂದು, ಮಶಿನ್ನಿಗೆ ಸಿಕ್ಕಿ ಅವನ ಎಡಗೈಯ ಎರಡು ಬೆರಳು ಹೋಗಿದ್ದನ್ನು ಬರೆದುಬಿಟ್ಟೆ. ಎಡಗೈಯಲ್ಲಿ ಎರಡು ಬೆರಳಿಲ್ಲದವರು ಈ ಸುತ್ತಿನಲ್ಲಿ ಎಷ್ಟು ಜನ ಇರುತ್ತಾರೆ? ಶನಿವಾರ ಪತ್ರಿಕೆ ಬಂತು. ಬುಧವಾರ ಅವನಿಗೆ 'ನಾಳೆಯಿಂದ ಬರಬೇಡ' ಅಂದರು.

ಅವನು ಅಂಗಡಿಗೆ ಬಂದು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀವು ಬರೆದದ್ದು ಸುಳ್ಳಲ್ಲ ಬಿಡಿ" ಅಂದ. ಬೆರಳಿನ ವಿಷಯ ಹಾಕಲೇ ಅಂತ ನಾನು ಅವನನ್ನು ಕೇಳಿರಲಿಲ್ಲ. ಓದಿ ಹೇಳುವ ನನ್ನ ನಿಯಮವನ್ನು ಅವತ್ತೊಂದು ದಿನ ಬಿಟ್ಟಿದ್ದೆ, ಪತ್ರಿಕೆಗೆ ಕಳಿಸುವ ಅವಸರ. ಮಳೆಗಾಲ ಮುಗಿಯುವವರೆಗೆ ಅವನಿಗೆ ಸರಿಯಾದ ಕೆಲಸ ಸಿಗಲಿಲ್ಲ. ಪರಿಚಯದವರ ತೋಟದಲ್ಲಿ ಬೇಲಿ ಕಟ್ಟುವ ಕೆಲಸ ಕೊಡಿಸಿದೆ, ಅದು ಹನ್ನೊಂದು ದಿನದ್ದು. ಅವನ ಹೆಂಡತಿ ಈಗಲೂ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾಳೆ. ತಿರುಗಿಸಲಿ.

ಆಮೇಲೆ ಪತ್ರಿಕೆಗೆ ಬರೆಯುವುದನ್ನು ಆರು ತಿಂಗಳು ನಿಲ್ಲಿಸಿದೆ. ಈಗ ಬರೆಯುವಾಗ ಬೇರೊಬ್ಬರನ್ನು ಕೂರಿಸಿ ಓದುತ್ತೇನೆ, ಅದೇ ಕಸುಬಿನವರನ್ನು. 'ಇದು ಯಾರು ಅಂತ ಗೊತ್ತಾಯ್ತಾ?' ಎಂದು ಕೇಳುತ್ತೇನೆ. ಗೊತ್ತಾದರೆ ಆ ಸಾಲು ತೆಗೆಯುವುದು. ಹೆಚ್ಚು ಸಲ ತೆಗೆಯಬೇಕಾಗಿ ಬರುವುದು ನಾನು ಬಹಳ ಮೆಚ್ಚಿಕೊಂಡ ಸಾಲನ್ನೇ.

ಅರಣ್ಯ ಹಕ್ಕಿನ ಅರ್ಜಿಯ ವಿಷಯ ಹೇಳದಿದ್ದರೆ ನಮ್ಮ ಜಿಲ್ಲೆಯ ಅರ್ಜಿ ಬರೆಯುವವನ ಕಥೆ ಪೂರ್ತಿ ಆಗುವುದಿಲ್ಲ. ಇಲ್ಲಿ ಕಾಡೇ ಜಾಸ್ತಿ, ಕಂದಾಯ ಭೂಮಿ ಕಡಿಮೆ. ತಲೆತಲಾಂತರದಿಂದ ಕೂತವರೂ ಕಾಗದದಲ್ಲಿ ಅತಿಕ್ರಮಣದಾರರು. 2006ರ ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕಿಂತ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡನ್ನು ನೆಚ್ಚಿ ಬದುಕಿದ್ದಕ್ಕೆ ಸಾಕ್ಷ್ಯ ಕೊಡಬೇಕು. ಹಾಲಕ್ಕಿ ಒಕ್ಕಲಿಗರು ಆ ಪಟ್ಟಿಯಲ್ಲಿಲ್ಲ, ಅವರಿಗೂ 75 ವರ್ಷವೇ. ಲೆಕ್ಕ ಹಾಕಿದರೆ 1930ರ ಡಿಸೆಂಬರ್. ಗುಡ್ಡದ ಬುಡದ ಹುಲ್ಲಿನ ಮನೆಯಲ್ಲಿ 1930ರ ಕಾಗದ ಯಾರಿಟ್ಟಿರುತ್ತಾರೆ ಹೇಳಿ? ಗೆದ್ದಲೂ ಬಿಟ್ಟಿರುವುದಿಲ್ಲ.

ಆದರೆ ನಿಯಮ 13ನ್ನು ಸರಿಯಾಗಿ ಓದಿದರೆ ಕಾಗದ ಮಾತ್ರವೇ ಸಾಕ್ಷ್ಯ ಅಲ್ಲ. ಬಾವಿ, ಮಸಣ, ದೇವರ ಜಾಗ, ನೆಲ ಸಮ ಮಾಡಿದ ಗುರುತು, ಕಟ್ಟಿದ ಒಡ್ಡು, ಇವೆಲ್ಲ ನಡೆಯುತ್ತವೆ. ಅರ್ಜಿದಾರರಲ್ಲದ ಬೇರೆ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಒಂದಕ್ಕಿಂತ ಹೆಚ್ಚು ಬಗೆಯದು ಇರಬೇಕು, ಅಷ್ಟೇ. ಬಹಳ ಅರ್ಜಿಗಳಲ್ಲಿ ಈ ಹಿರಿಯರ ಹೇಳಿಕೆ ಎಂಬುದು 'ಸದರಿಯವರು 75 ವರ್ಷಗಳಿಂದ ವಾಸವಾಗಿರುವುದು ನಿಜವಿರುತ್ತದೆ' ಎಂಬ ಒಂದೇ ಸಾಲು, ಕೆಳಗೆ ಹೆಬ್ಬೆಟ್ಟು. ಅದೂ ಒಂದು 'ಅರ್ಜಿ1'. ಹಾಗೆ ನಾನೇ ಎಷ್ಟೋ ಬರೆದಿದ್ದೇನೆ.

ಒಂದು ಕೊಪ್ಪದ, ಅಂದರೆ ಸಣ್ಣ ಕೇರಿಯ, ಮನೆಯವರ ಅರ್ಜಿ ವಾಪಸ್ ಬಂದು ಮತ್ತೆ ಬರೆಯಬೇಕಾದಾಗ ಆಚೆ ಮನೆಯ ಅಜ್ಜಿಯ ಹತ್ತಿರ ಹೋಗಿ ಕೂತೆ. ಎಂಬತ್ತೈದರ ಮೇಲೆ ವಯಸ್ಸು, ಕೊರಳು ತುಂಬ ಕರಿಮಣಿ. ನನ್ನನ್ನು 'ಒಡೆಯಾ' ಅಂತ ಕರೆಯುತ್ತಿದ್ದಳು. ಬೇಡ ಅಜ್ಜಿ ಅಂದರೂ ಬಿಡಲಿಲ್ಲ. ಎಷ್ಟು ವರ್ಷ ಆಯ್ತು ಅಂತ ಕೇಳಿದರೆ 'ಬಾಳ ವರ್ಷ' ಅಂದಳು. ಮುಗಿಯಿತು ಮಾತು. ಆಮೇಲೆ ಈ ಬಾವಿ ಯಾರು ತೋಡಿದ್ದು ಅಂತ ಕೇಳಿದೆ.

"ಅವರ ಅಜ್ಜ ತೋಡಿದ್ದು. ಉಪ್ಪಿನ ಗಲಾಟೆ ವರ್ಷ."

ನನ್ನ ಪೆನ್ನು ನಿಂತಿತು. ಉಪ್ಪಿನ ಗಲಾಟೆ ಅಂದರೆ ಯಾವುದು ಅಜ್ಜಿ ಅಂತ ಕೇಳಿದೆ. ಅಂಕೋಲೆಯಲ್ಲಿ ಉಪ್ಪು ಮಾಡಿ ಜನ ಜೈಲಿಗೆ ಹೋದದ್ದು, ಕೆಳಗೆ ಪೇಟೆಗೆ ಸೊಪ್ಪಿನ ಹೊರೆ ಒಯ್ದವರು ಹೆದರಿ ಮಾರದೆ ವಾಪಸ್ ಬಂದದ್ದು, ಆ ದಿನಗಳಲ್ಲೇ ಬಾವಿಗೆ ನೀರು ಬಿದ್ದದ್ದು, ಎಲ್ಲ ತನ್ನ ಅವ್ವ ಹೇಳುತ್ತಿದ್ದಳು ಅಂದಳು. ಅಂಕೋಲೆಯ ಉಪ್ಪಿನ ಸತ್ಯಾಗ್ರಹ ನಡೆದದ್ದು 1930ರ ಏಪ್ರಿಲ್‌ನಲ್ಲಿ. ಕಾಯ್ದೆ ಕೇಳುವುದು ಅದೇ ವರ್ಷದ ಡಿಸೆಂಬರಿಗಿಂತ ಮೊದಲಿನದ್ದು. ಎಂಟು ತಿಂಗಳ ಅಂತರದಲ್ಲಿ ಆ ಬಾವಿ ಈಚೆ ದಡಕ್ಕೆ ಬಿತ್ತು. ನಾಲ್ಕು ಸಲ ಆ ಅಂಗಳಕ್ಕೆ ಹೋದವನು ನಾನು, ಬಾವಿಯಿಂದ ನೀರು ಸೇದಿ ಕುಡಿದವನು, ಒಂದು ಸಲವೂ ಕೇಳಿರಲಿಲ್ಲ.

ಹೇಳಿಕೆಯನ್ನು ಅಜ್ಜಿಯ ಮಾತಿನಲ್ಲೇ ಬರೆದೆ. ತಾನು ಕಣ್ಣಿಂದ ಕಂಡದ್ದು ಬೇರೆ, ಅವ್ವನಿಂದ ಕೇಳಿದ್ದು ಬೇರೆ ಮಾಡಿ ಬರೆದೆ. ಇಲ್ಲದಿದ್ದರೆ ಯಾರಾದರೂ ಅಜ್ಜಿಯ ಆಧಾರ್ ಕಾರ್ಡ್ ನೋಡಿ 'ಆಗ ನೀನು ಹುಟ್ಟೇ ಇರಲಿಲ್ಲ' ಅನ್ನುವುದು ಖಂಡಿತ. ಓದಿ ಹೇಳಿದೆ. ಅಜ್ಜಿ ಕೇಳಿ, ಎಲೆ ಅಡಿಕೆ ಉಗಿದು ಬಂದು, ಒಂದು ಬಿಟ್ಟುಹೋಗಿದೆ ಅಂದಳು. ಬೇಸಿಗೆಯಲ್ಲಿ ಕೆಳಗಿನ ಕೇರಿಯವರೂ ಇದೇ ಬಾವಿ ನೀರು ಒಯ್ಯುತ್ತಿದ್ದರು, ಈ ಮನೆಯವರು ಒಂದು ದಿನವೂ ಬೇಡ ಅನ್ನಲಿಲ್ಲ, ಅದನ್ನು ಬರೆಯಬೇಕು.

"ಅದು ಅರ್ಜಿಗೆ ಬೇಡ ಅಜ್ಜಿ."

"ಬೇಕು. ನೀ ಬರಿ."

ಬರೆದೆ. ಎರಡನೇ ಪುಟದ ಕೊನೆಗೆ ಜಾಗ ಇತ್ತು. ಗ್ರಾಮಸಭೆಯಲ್ಲಿ ಹೇಳಿಕೆ ಓದಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಕೆಳಗಿನ ಕೇರಿಯ ಮುದುಕನೊಬ್ಬ ಎದ್ದು ನಿಂತ. ತನ್ನ ಅಬ್ಬೆ ಆ ಬಾವಿಯಿಂದಲೇ ನೀರು ತರುತ್ತಿದ್ದಳು, ತಾನೂ ಕೊಡ ಹಿಡಿದು ಹಿಂದೆ ಹೋಗಿದ್ದೇನೆ ಅಂದ. ಅವನ ಹೇಳಿಕೆಯನ್ನು ಅಲ್ಲೇ ಶಾಲೆಯ ಬೆಂಚಿನ ಮೇಲೆ ಕೂತು ಬರೆದುಕೊಂಡೆವು. ಅರ್ಜಿ ಈಗ ಮೇಲಿನ ಸಮಿತಿಯಲ್ಲಿದೆ, ಇನ್ನೂ ತೀರ್ಮಾನ ಆಗಿಲ್ಲ. ಮುಂದಿನ ವಾರ ಆ ಮನೆಯ ಮೊಮ್ಮಗ ಬರುತ್ತಾನೆ, ಎಲ್ಲಿಗೆ ಬಂತು ಎಂದು ಕೇಳಿ 10 ರೂಪಾಯಿಯ ಅರ್ಜಿ ಹಾಕಲು.